ಮೂರು ಕೆರೆ, ಮೂರು ಗೂಟ: ವಿದ್ಯಾರ್ಥಿಗಳ ಜೊತೆ ಪ್ರದರ್ಶನ ಕಟ್ಟಿದ ಕೆಲಸದ ಟಿಪ್ಪಣಿ

ಪ್ರದರ್ಶನ ವಿನ್ಯಾಸದ ಸ್ಟುಡಿಯೋ ಕೋರ್ಸಿಗೆ ಈ ಸಲ ಕೊಟ್ಟ ವಿಷಯ ಕೋಲಾರ ಸೀಮೆಯ ಸರಣಿ ಕೆರೆಗಳು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ವರ್ಷಪೂರ್ತಿ ಹರಿಯುವ ಹೊಳೆ ಇಲ್ಲದ ಕಡೆ ಬೇಸಾಯ ನಿಂತದ್ದೇ ಈ ಸರಪಳಿಯ ಮೇಲೆ. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಅನ್ನುವ ಲೆಕ್ಕವನ್ನು ಹುಡುಗರು ಮೊದಲ ತರಗತಿಗೇ ಸ್ಲೈಡಿನಲ್ಲಿ ಹಾಕಿಕೊಂಡು ಬಂದಿದ್ದರು. ಜೊತೆಗೆ ಟಚ್‌ಸ್ಕ್ರೀನು, ವಿ.ಆರ್. ಕನ್ನಡಕ, ಗೋಡೆಯುದ್ದದ ಟೈಮ್‌ಲೈನು. ಪ್ರತಿ ವರ್ಷವೂ ಇವೇ ಬರುತ್ತವೆ, ವಿಷಯ ಯಾವುದಾದರೂ ಸರಿ.

ಅವನ್ನೆಲ್ಲ ಪಕ್ಕಕ್ಕಿಡಿಸಿ ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟೆ. ಅದರಲ್ಲಿ ನಾಮಪದ ಬರೆಯುವಂತಿಲ್ಲ. ಒಳಗೆ ಬಂದ ಮನುಷ್ಯನ ಕೈಕಾಲು ಏನೇನು ಮಾಡುತ್ತದೆ ಅನ್ನುವುದನ್ನಷ್ಟೇ ಬರೆಯಬೇಕು. ಟಚ್‌ಸ್ಕ್ರೀನ್ ತಂಡದ ಹಾಳೆಯಲ್ಲಿ ಇದ್ದದ್ದು: ಮುಟ್ಟು, ಓದು, ಮುಟ್ಟು, ಓದು. ಇದೇ ಪಟ್ಟಿಯನ್ನು ಬ್ಯಾಂಕಿನ ಎ.ಟಿ.ಎಂ.ಗೂ ಬರೆಯಬಹುದಲ್ಲ ಅಂತ ಕೇಳಿದೆ, ಉತ್ತರ ಬರಲಿಲ್ಲ. ಬಂಗಾರಪೇಟೆ ಕಡೆಯ ಹುಡುಗಿಯೊಬ್ಬಳ ಹಾಳೆಯಲ್ಲಿ ಹೀಗಿತ್ತು: ಎತ್ತು. ಕಾಯಿ. ಕೂಗು. ಕಾಯಿ. ಬೈ.

ಕೊನೆಯದಕ್ಕೆ ಇಡೀ ತರಗತಿ ನಕ್ಕಿತು. ಆದರೆ ಕೆರೆ ನೀರಿನ ಕತೆ ಅಂದರೆ ಅದೇ. ತಲೆಕಡೆ ಗದ್ದೆಯವನು ನೀರು ಬಿಟ್ಟುಕೊಳ್ಳುತ್ತಾನೆ, ಕೊನೆಕಡೆ ಗದ್ದೆಯವನು ಕಾಯುತ್ತಾನೆ, ನಡುವೆ ಜಗಳ. ಆ ಹಾಳೆಯನ್ನೇ ಇಡೀ ಪ್ರದರ್ಶನದ ಚಿತ್ರಕಥೆಯಾಗಿ ಇಟ್ಟುಕೊಂಡೆವು. ನನ್ನ ಪ್ರಕಾರ ಈ ಕೋರ್ಸಿನಲ್ಲಿ ಕಲಿಸಬೇಕಾದ್ದು ಇಷ್ಟೇ: ಪ್ರೇಕ್ಷಕನ ಕೈ ಮಾಡುವ ಕೆಲಸ ಮತ್ತು ಕತೆಯೊಳಗಿನ ಕೆಲಸ ಒಂದೇ ಆಗಿರಬೇಕು, ಅವನು ಎಲ್ಲಿ ನಿಂತಿದ್ದಾನೋ ಅಲ್ಲಿಂದ ಎಷ್ಟು ಕಾಣುತ್ತದೋ ಅಷ್ಟೇ ಅವನಿಗೆ ಕತೆ. ಉಳಿದದ್ದು ಪ್ಲೈವುಡ್ಡು, ವೈರು.

ನೆಲದ ಮೇಲೆ ಟೇಪು

ಜಾಗ ಸಿಕ್ಕಿದ್ದು ಕಾಲೇಜಿನ ಎರಡನೇ ಮಹಡಿಯ ಪಡಸಾಲೆ, 'ಎಲ್' ಆಕಾರದ್ದು. ಗ್ಯಾಲರಿ ಕೊಡಿ ಅಂತ ಹುಡುಗರು ಗೊಣಗಿದರು. ನನಗೆ ಮಾತ್ರ ಆ ತಿರುವು ಕಂಡದ್ದೇ ಬೇಕಾದ್ದು ಸಿಕ್ಕಂತಾಯಿತು. ಮರೆಮಾಚುವ ಗೋಡೆ ಕಟ್ಟುವ ಖರ್ಚು ಉಳಿಯಿತು, ಅದೂ ಒಂದು.

ಕಂಪ್ಯೂಟರ್ ಮುಟ್ಟುವ ಮೊದಲು ನೆಲದ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ, ಕೆರೆಗೊಂದರಂತೆ, ಮೂರು ಮೇಜುಗಳ ಗುರುತು ಹಾಕಿ ನಡೆದಾಡಿದೆವು. ಮೇಲಿನ ಕೆರೆ ಪಡಸಾಲೆಯ ಬಾಯಲ್ಲಿ, ನಡುವಿನದು ತಿರುವಿಗೆ ಸ್ವಲ್ಪ ಮುಂಚೆ, ಕೊನೆಯದು ತಿರುವಿನಾಚೆ. ಕೊನೆ ಮೇಜಿನ ಮುಂದೆ ನಿಂತವನಿಗೆ ಮೊದಲ ಮೇಜು ಕಾಣುವುದಿಲ್ಲ. ಸಾಫ್ಟ್‌ವೇರಿನ ನಕ್ಷೆಯಲ್ಲಿ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ, ಏಕೆಂದರೆ ನಕ್ಷೆಯನ್ನು ನಾವು ನೋಡುವುದೇ ಮೇಲಿನಿಂದ. ಹಕ್ಕಿಗೆ ತಿರುವು ಅಡ್ಡ ಬರುವುದಿಲ್ಲ. ಗೋಡೆಯಲ್ಲಿ ಕನ್ನಡಿ ಹಾಕಿ ಮೇಲಿನ ಮೇಜು ಕಾಣುವ ಹಾಗೆ ಮಾಡೋಣ ಅಂತ ಒಂದು ಗುಂಪು ಹಟ ಹಿಡಿಯಿತು. ಒಂದು ಮಧ್ಯಾಹ್ನವೆಲ್ಲ ಅದೇ ಚರ್ಚೆ. ಕಾಣದಿರುವುದೇ ಕೊನೆಕಡೆ ರೈತನ ಪಾಡು, ಅದನ್ನು ಕನ್ನಡಿ ಹಾಕಿ ವಾಸಿ ಮಾಡಬೇಡಿ ಅಂದೆ.

ದಾರಿಯ ಅಗಲ ಎಲ್ಲೂ 150 ಸೆಂ.ಮೀ.ಗೆ ಕಡಿಮೆ ಆಗದಂತೆ ನೋಡಿಕೊಂಡೆವು. ಗಾಲಿಕುರ್ಚಿ ಒಂದು ಸುತ್ತು ತಿರುಗಲು ಅಷ್ಟು ಬೇಕು. ಮೇಜಿನ ಎತ್ತರ 75 ಸೆಂ.ಮೀ., ಕೆಳಗೆ ಮೊಣಕಾಲು ಹೋಗಲು ಜಾಗ.

ರಟ್ಟಿನ ಕಂಪ್ಯೂಟರು

ಮುಂದಿನ ಹಂತ ರಟ್ಟಿನ ಮಾದರಿ. ಮೇಜಿನ ಕೆಳಗೆ ಒಬ್ಬ ಹುಡುಗ ಟಾರ್ಚು, ನೀಲಿ ಜಿಲಾಟಿನ್ ಹಾಳೆ ಹಿಡಿದು ಕೂತ. ಮೇಲೆ ಯಾರಾದರೂ ಗೂಟ (ಕೆರೆಯಿಂದ ನೀರು ಬಿಡುವ ಬಾಯಿಯ ಮುಚ್ಚಳ) ಎತ್ತಿದರೆ ಅವನು ಬೆಳಕನ್ನು ಕೆರೆಯಿಂದ ಕಾಲುವೆಗೆ ಸರಿಸಬೇಕು. ಇನ್ನೊಬ್ಬಳ ಮೊಬೈಲಿನಲ್ಲಿ ನೀರಿನ ಸದ್ದು. ಕ್ಯಾಂಟೀನಿಗೆ ಹೋಗುವವರನ್ನೆಲ್ಲ ಹಿಡಿದು ಆಡಿಸಿದೆವು. ನಿಯಮ ಒಂದೇ, ವಿದ್ಯಾರ್ಥಿಗಳು ಬಾಯಿ ಬಿಡಬಾರದು. 'ಇದನ್ನು ಎತ್ತಿ' ಅಂತ ವಿವರಿಸಬೇಕಾಗಿ ಬಂದರೆ ವಿನ್ಯಾಸ ಅಲ್ಲಿ ಕೆಲಸ ಮಾಡುತ್ತಿಲ್ಲ ಎಂದರ್ಥ. ಬಾಯಿ ಮುಚ್ಚಿಕೊಂಡು ನಿಲ್ಲುವುದು ಇಪ್ಪತ್ತರ ಹುಡುಗರಿಗೆ ಎಷ್ಟು ಕಷ್ಟ ಅಂತ ಅವತ್ತು ನೋಡಬೇಕಿತ್ತು.

ಅಲ್ಲಿ ಗೊತ್ತಾದದ್ದು ಎರಡು. ಗೂಟ ದುಂಡಗೆ ನುಣುಪಾಗಿದ್ದರೆ ಜನ ಅದನ್ನು ಒತ್ತುತ್ತಾರೆ, ತಿರುಗಿಸುತ್ತಾರೆ, ಎತ್ತುವುದೊಂದು ಬಿಟ್ಟು. ಅಡ್ಡಲಾಗಿ ಒಂದು ಹಿಡಿ ಸಿಗಿಸಿದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಎರಡನೆಯದು ಹೊತ್ತಿನ ಲೆಕ್ಕ. ಮೇಜಿನಡಿಯ ಹುಡುಗ ತಡ ಮಾಡಿದಾಗ ಜನ ಗೂಟವನ್ನು ಇನ್ನೂ ಜೋರಾಗಿ ಎಳೆದರು, ರಟ್ಟು ಹರಿಯಿತು. ಕೈಯಾಡಿಸಿದ 0.1 ಸೆಕೆಂಡಿನೊಳಗೆ ಕಣ್ಣೆದುರು ಏನಾದರೂ ಅಲುಗಿದರೆ ಮನುಷ್ಯ ಅದನ್ನು ತಾನೇ ಮಾಡಿದ್ದು ಅಂತ ನಂಬುತ್ತಾನೆ. ಇಂಟರ್ಫೇಸ್ ಕಲಿಸುವವರೆಲ್ಲ ಹೇಳುವ ಅಂಕಿ ಇದು. ಆದರೆ ನಮ್ಮ ನೀರು ಕೆಳಗಿನ ಊರಿಗೆ ನಿಧಾನವಾಗಿಯೇ ಹೋಗಬೇಕು, ಇಲ್ಲದಿದ್ದರೆ ಕಾಯುವ ಮಾತೇ ಇಲ್ಲ. ಹಾಗಾಗಿ ಗೂಟದ ಬುಡದಲ್ಲಿ ತಕ್ಷಣ ಸುಳಿ ಏಳುತ್ತದೆ, ಸದ್ದು ಬರುತ್ತದೆ. ಕಾಲುವೆಯ ಬೆಳಕು ಮಾತ್ರ ತನ್ನ ಪಾಡಿಗೆ ತೆವಳುತ್ತದೆ. ಜೂನ್‌ನಿಂದ ಡಿಸೆಂಬರಿನವರೆಗಿನ ಕಾಲ ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಕೋಲಾರದ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯದೇ ಹೆಚ್ಚು ಪಾಲು, ಆದ್ದರಿಂದ ಎರಡನೇ ನಿಮಿಷದ ನಂತರವೇ ಕೆರೆ ಜೋರಾಗಿ ತುಂಬುವುದು.

ನೀರನ್ನೇ ಬಿಟ್ಟರಾಗದೇ ಅಂತ ಬಹಳ ಜನ ಕೇಳಿದರು. ಪ್ಲೈವುಡ್ಡು, ಎಸ್‌ಎಂಪಿಎಸ್ಸು (ಕರೆಂಟನ್ನು ಇಳಿಸಿ ಕೊಡುವ ಪೆಟ್ಟಿಗೆ), ಶಾಲೆ ಮಕ್ಕಳು, ಇವುಗಳ ನಡುವೆ ನೀರು ಬೇಡ. ರಾಗಿ ಸುರಿಯುವ ಯೋಚನೆಯೂ ಬಂತು. ರಾಗಿ ನಿಜಕ್ಕೂ ನೀರಿನ ಹಾಗೇ ಹರಿಯುತ್ತದೆ, ನೋಡಲು ಚೆಂದ. ಇಲಿಗಳಿಗೂ ಚೆಂದ. ಬಿಟ್ಟೆವು.

ಗೂಟ

ಹಳೆಯ ಕಲ್ಲಿನ ತೂಬು ನೋಡಿದವರಿಗೆ ಗೊತ್ತಿರುತ್ತದೆ: ಏರಿಯ ಒಳಮೈಯಲ್ಲಿ ಕೆರೆಯೊಳಗೆ ಎರಡು ಕಲ್ಲುಕಂಬ, ಅವಕ್ಕೆ ಅಡ್ಡಲಾಗಿ ತೂತಿರುವ ಚಪ್ಪಡಿ, ಆ ತೂತಿನ ಮೂಲಕ ಇಳಿಯುವ ಗಳು, ಅದರ ತುದಿಯಲ್ಲಿ ತೂಬಿನ ಬಾಯಿ ಮುಚ್ಚುವ ಗೂಟ. ಅದನ್ನು ಎತ್ತುವ, ಇಳಿಸುವ ಕೆಲಸ ನೀರುಗಂಟಿಯದು. ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನುವ ಸರದಿಯೂ ಅವನದೇ ಜವಾಬ್ದಾರಿ. ಕೂಲಿ ಸುಗ್ಗಿಯಲ್ಲಿ, ಕಾಳಿನ ರೂಪದಲ್ಲಿ.

ನಮ್ಮ ಗೂಟಗಳನ್ನು ಚನ್ನಪಟ್ಟಣದಲ್ಲಿ ಹಾಲೆ ಮರದಲ್ಲಿ ಕಡೆಸಿದೆವು, ಬೊಂಬೆಗೆ ಬಳಸುವ ಅದೇ ಮರ. ಅರಗಿನ ಬಣ್ಣ ಬೇಡ ಅಂದಾಗ ಕುಶಲಕರ್ಮಿಗೆ ಬೇಸರವಾಯಿತು. ಗೂಟದ ಕೆಳಗೆ ಮರಳು ತುಂಬಿದ ಪಿವಿಸಿ ಕೊಳವೆ, ಒಟ್ಟು 3 ಕಿಲೋ ತೂಕ. ಗಳುವಿಗೆ ಕಟ್ಟಿದ ದಾರ ಒಂದು ರಾಟೆ ಸುತ್ತಿ 10 ಕಿಲೋ ಓಮ್ ಪೊಟೆನ್ಷಿಯೋಮೀಟರನ್ನು ತಿರುಗಿಸುತ್ತದೆ. ಅದರಿಂದ ಗೂಟ ಎಷ್ಟು ಮೇಲಿದೆ ಅನ್ನುವುದು ಗೊತ್ತಾಗುತ್ತದೆ. ಬರೀ ತೆರೆದಿದೆ-ಮುಚ್ಚಿದೆ ಅಂತ ಹೇಳುವ ಸ್ವಿಚ್ಚು ಸಾಕಿತ್ತು, ಆದರೆ ಅರ್ಧ ಎತ್ತಿ ಹಿಡಿಯುವ ಜಿಪುಣತನವೂ ಕತೆಯ ಭಾಗ.

ಮಾಲೂರು ತಾಲ್ಲೂಕಿನ ಒಂದು ಊರಿನಲ್ಲಿ ಹಿಂದೆ ನೀರುಗಂಟಿ ಆಗಿದ್ದ ಹಿರಿಯರೊಬ್ಬರನ್ನು ವಿದ್ಯಾರ್ಥಿಗಳು ಮಾತಾಡಿಸಿದ್ದರು. ಮೊದಲ ಮೇಜು ನಿಂತ ಮೇಲೆ ಅವರನ್ನು ಕಾಲೇಜಿಗೆ ಕರೆಸಿದೆವು. ಅವರು ಹಿಡಿಗೆ ಕೈ ಹಾಕಿ ಎತ್ತಿ, ಇಳಿಸಿ, ಮತ್ತೆ ಎತ್ತಿ, ನನ್ನ ಕಡೆ ತಿರುಗಿದರು.

"ಇದೇನಮ್ಮ, ಇಷ್ಟು ಸಲೀಸಾಗಿ ಬತ್ತದೆ? ಕೆರೆ ತುಂಬಿದ್ರೆ ಗೂಟ ಕಚ್ಕೊಂಡ್ಬಿಡ್ತದೆ. ಒಂದ್ ಕಿತ ಕಿತ್ಕೊಂಡ್ ಮೇಲೆ ಹಗೂರ."

ಅವರ ಮಾತಿನ ಹಿಂದೆ ಲೆಕ್ಕವಿದೆ. ಗೂಟ ಕೂತಿರುವ ಬಾಯಿ 15 ಸೆಂ.ಮೀ. ಅಗಲ, ಅದರ ಮೇಲೆ 3 ಮೀಟರ್ ನೀರು ಇದ್ದರೆ ಸುಮಾರು 53 ಕಿಲೋ ಭಾರ ಅದನ್ನು ಕೆಳಗೆ ಅದುಮಿ ಹಿಡಿಯುತ್ತದೆ. ಬಾಯಿ ತೆರೆದು ನೀರು ಒಳನುಗ್ಗಿದ ಕ್ಷಣ ಆ ಹಿಡಿತ ಸಡಿಲ. ಇದನ್ನು ತೂಕ ಹೆಚ್ಚಿಸಿ ತೋರಿಸಲಾಗದು. ಗೂಟದ ತಳಕ್ಕೆ ಕಬ್ಬಿಣದ ವಾಷರು, ಕೂರುವ ಜಾಗದಲ್ಲಿ ನಿಯೋಡಿಮಿಯಂ ಅಯಸ್ಕಾಂತ, ನಡುವೆ ಸೈಕಲ್ ಟ್ಯೂಬಿನ ತುಂಡು. ಟ್ಯೂಬಿನ ಪದರ ಹೆಚ್ಚು ಕಡಿಮೆ ಮಾಡಿ ಹಿಡಿತ ಹೊಂದಿಸಿಕೊಂಡೆವು: ಎಂಟನೇ ತರಗತಿಯ ಮಗು ಎರಡೂ ಕೈ ಹಾಕಿದರೆ ಏಳಬೇಕು, ಒಂದು ಕೈಯಲ್ಲಿ ಏಳಬಾರದು. ಈಗ ಎತ್ತುವವರ ಮುಖ ನೋಡಿ, ಮೊದಲು ಬಿಗಿ, ಆಮೇಲೆ 'ಟಪ್' ಅಂತ ಬಿಟ್ಟಾಗ ಒಂದು ಹೆಜ್ಜೆ ಹಿಂದೆ. ಇದಕ್ಕೆ ಕಂಪ್ಯೂಟರ್ ಕೋಡು ಒಂದು ಸಾಲೂ ಇಲ್ಲ. ಬೆರಳು ಸಿಕ್ಕದಿರಲಿ ಅಂತ ಗಳುವಿಗೆ ರಬ್ಬರ್ ತಡೆ ಹಾಕಿದೆವು, ಹಿಡಿ ಮೇಜಿನಿಂದ ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತದೆ.

ಹಿರಿಯರು ಇನ್ನೊಂದು ಮಾತು ಹೇಳಿದರು, ಅದು ಇಡೀ ಮೇಜನ್ನೇ ಬದಲಾಯಿಸಿತು. ಆಗ ಮೇಜಿನ ಮೇಲೆ ಗೂಟದ ಪಕ್ಕದಲ್ಲೇ ಹಸಿರು ಗದ್ದೆಗಳಿದ್ದವು. ಎತ್ತಿದವನ ಕಣ್ಣೆದುರೇ ಅವನ ಪೈರು ಬೆಳಗುತ್ತಿತ್ತು. ಅವರು ಗದ್ದೆಗಳ ಮೇಲೆ ಬೆರಳಾಡಿಸಿ, "ಇದ್ಯಾರ್ದು?" ಅಂದರು. ನೀರುಗಂಟಿಯದು ಅಂತ ಹುಡುಗನೊಬ್ಬ ಉತ್ತರಿಸಿದ. "ನಮಗೆಲ್ಲಿತ್ತಪ್ಪ, ಅಚ್ಚುಕಟ್ನಾಗೆ ಒಂದ್ ಗುಂಟೆನೂ ಇರ್ಲಿಲ್ಲ" ಅಂದರು, ಯಾವ ದೂರೂ ಇಲ್ಲದ ದನಿಯಲ್ಲಿ.

ಬಹಳ ಊರುಗಳಲ್ಲಿ ನೀರುಗಂಟಿಗಳು ದಲಿತ ಸಮುದಾಯದವರು. ಊರಿನ ನೀರನ್ನೆಲ್ಲ ಹಂಚುವ ಕೈಗೆ ಅದೇ ನೀರು ಕುಡಿಯುವ ಹೊಲ ಇಲ್ಲ. ಓದಿದ ಪುಸ್ತಕಗಳಲ್ಲಿ ಇದು ಇತ್ತು, ವಿದ್ಯಾರ್ಥಿಗಳ ಸಂಶೋಧನಾ ಫೈಲಿನಲ್ಲೂ ಇತ್ತು. ಗೋಡೆಯ ಫಲಕವೊಂದರ ನಾಲ್ಕನೇ ವಾಕ್ಯವಾಗಿ ಹೋಗಿ ಕೂತಿತ್ತು. ಅದನ್ನು ಅಲ್ಲಿಂದ ಕಿತ್ತು ಮೇಜಿಗೆ ತರಬೇಕು ಅಂತ ತೀರ್ಮಾನಿಸಿದೆವು. ಗದ್ದೆಗಳನ್ನೆಲ್ಲ ಗೂಟದ ಮೇಜಿನಿಂದ ತೆಗೆದು ಎದುರು ಗೋಡೆಗೆ, ಎತ್ತುವವನ ಬೆನ್ನಿಗೆ ಹಾಕಿದೆವು. ಗೂಟ ಹಿಡಿದವನಿಗೆ ಈಗ ಕಾಣುವುದು ತನ್ನ ಕೆರೆ ಬರಿದಾಗುವುದು ಮಾತ್ರ. ಪೈರು ಹೇಗಿದೆ ಅಂತ ನೋಡಬೇಕಾದರೆ ಕೈ ಬಿಟ್ಟು ತಿರುಗಬೇಕು, ಕೈ ಬಿಟ್ಟರೆ ಗೂಟ ಇಳಿಯುತ್ತದೆ. ಸುಗ್ಗಿ ಮುಗಿದಾಗ ಗೋಡೆಯ ಗದ್ದೆಗಳು ಹೊಂಬಣ್ಣಕ್ಕೆ ತಿರುಗುತ್ತವೆ, ಮೇಜಿನ ಅಂಚಿನ ಒಂದು ಗೂಡಿಗೆ ಒಂದು ಸೇರಿನಷ್ಟು ಬೆಳಕು ಬೀಳುತ್ತದೆ. ಅದು ಆಯ, ಸುಗ್ಗಿಯಲ್ಲಿ ಸಿಗುವ ಕಾಳಿನ ಕೂಲಿ. ಅಷ್ಟೇ ಅವನ ಪಾಲು.

ಒಬ್ಬ ವಿದ್ಯಾರ್ಥಿಗೆ ಇದು ಸರಿಬರಲಿಲ್ಲ. ಊಟದ ಹೊತ್ತಿಗೆ ಬಂದವರೆಲ್ಲ ನಾಲ್ಕು ನಿಮಿಷ ನೀರುಗಂಟಿಯ ಆಟ ಆಡಿ ಹೋಗುವುದರಿಂದ ಏನು ತಿಳಿಯುತ್ತದೆ ಅನ್ನುವುದು ಅವನ ತಕರಾರು. ನ್ಯಾಯವಾದ ತಕರಾರೇ. ಪ್ರದರ್ಶನ ಯಾರ ಬದುಕನ್ನೂ ಅನುಭವಿಸಿ ತೋರಿಸಲಾರದು, ಹಾಗಂತ ಹೇಳಿಕೊಳ್ಳುವ ಪ್ರದರ್ಶನಗಳ ಮೇಲೆ ನನಗೂ ನಂಬಿಕೆ ಇಲ್ಲ. ಪೈರಿಗೆ ಬೆನ್ನು ಹಾಕಿ ನಿಂತಿದ್ದೇನೆ ಅನ್ನುವುದನ್ನು ಮಾತ್ರ ಅದು ಮೈಗೆ ತಿಳಿಸಬಲ್ಲದು. ಹಿರಿಯರ ಮಾತಿನ ಧ್ವನಿಮುದ್ರಣ ಅವರ ಒಪ್ಪಿಗೆಯಿಂದಲೇ ನಡುವಿನ ಮೇಜಿನಲ್ಲಿ ಇದೆ. ಅದಕ್ಕೆ ಗುಂಡಿ ಇಲ್ಲ, ಗೂಟ ಇಳಿದಿದ್ದಾಗ ಮಾತ್ರ ಮೆಲ್ಲಗೆ ಕೇಳುತ್ತದೆ.

ವೈರು

ಕೆರೆಯ ಆಕಾರದಲ್ಲಿ ಕತ್ತರಿಸಿದ 3 ಮಿ.ಮೀ. ಹಾಲುಬಿಳಿ ಅಕ್ರಿಲಿಕ್ ಹಾಳೆ, ಕೆಳಗೆ ಡಬ್ಲ್ಯುಎಸ್2812ಬಿ ಎಲ್ಇಡಿ ಪಟ್ಟಿ, ಮೀಟರಿಗೆ 60 ದೀಪ. ದೀಪದಿಂದ ದೀಪಕ್ಕೆ ಸುಮಾರು 17 ಮಿ.ಮೀ. ಅಂತರ, ಆದ್ದರಿಂದ ಹಾಳೆ ಕನಿಷ್ಠ 25 ಮಿ.ಮೀ. ಮೇಲಿರಬೇಕು, ಇನ್ನೂ ಹತ್ತಿರ ತಂದರೆ ನೀರಿನ ಬದಲು ಚುಕ್ಕಿ ಚುಕ್ಕಿ ಕಾಣುತ್ತದೆ. ದೀಪವೊಂದು ಪೂರ್ತಿ ಬಿಳಿಯಲ್ಲಿ ಉರಿದರೆ 60 ಮಿಲಿಆಂಪಿಯರ್ ಎಳೆಯುತ್ತದೆ. ಮೇಜಿಗೆ 150 ಅಂದರೆ 9 ಆಂಪಿಯರ್. ನಮಗೆ ನೀಲಿ ಸಾಕಿದ್ದರಿಂದ ಅಷ್ಟೇನೂ ಬೇಕಾಗದು, ಆದರೂ 5 ವೋಲ್ಟ್, 10 ಆಂಪಿಯರ್ ಎಸ್‌ಎಂಪಿಎಸ್ ಹಾಕಿ ಕೋಡಿನಲ್ಲಿ ಪ್ರಖರತೆಗೆ ಮಿತಿ ಇಟ್ಟೆವು. ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದದ್ದು.

ಪಟ್ಟಿಯ ಒಂದೇ ತುದಿಗೆ ವಿದ್ಯುತ್ ಕೊಟ್ಟಾಗ ಕೊನೆಯ ದೀಪಗಳು ಮಂಕಾದವು; ತಾಮ್ರದ ತೆಳು ದಾರಿಯಲ್ಲಿ ವೋಲ್ಟೇಜು ಕುಸಿಯುತ್ತದೆ. "ಮೇಡಂ, ಇಲ್ಲೂ ಕೊನೆಕಡೆಯವನಿಗೇ ಅನ್ಯಾಯ" ಅಂದ ಬೆಸುಗೆ ಹಾಕುತ್ತಿದ್ದ ಹುಡುಗ. ಎರಡೂ ತುದಿಗೆ ದಪ್ಪ ವೈರು ಎಳೆದು ನ್ಯಾಯ ಒದಗಿಸಲಾಯಿತು. ಡೇಟಾ ಗೆರೆಗೆ 330 ಓಮ್ ರೆಸಿಸ್ಟರು, ವಿದ್ಯುತ್ ಬರುವಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರು. ಮೇಜನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು ಇಎಸ್‌ಪಿ32 ಕೊಡುವುದು 3.3 ವೋಲ್ಟಿನ ಸಂಕೇತ, ಪಟ್ಟಿ ಬಯಸುವುದು 5. ಕೆಲವೊಮ್ಮೆ ಹಾಗೇ ನಡೆಯುತ್ತದೆ, ನಮ್ಮಲ್ಲಿ ಮೊದಲ ದೀಪ ಮಿನುಗಿ ಉಳಿದವನ್ನೂ ಕೆಡಿಸುತ್ತಿತ್ತು. ನಡುವೆ ಸಂಕೇತವನ್ನು 5 ವೋಲ್ಟಿಗೆ ಏರಿಸುವ 74ಎಎಚ್‌ಸಿಟಿ125 ಚಿಪ್ಪು ಕೂರಿಸಿದ ಮೇಲೆ ಮಿನುಗು ನಿಂತಿತು.

ಮೂರು ಮೇಜಿನ ನಡುವೆ ವೈರು ಎಳೆದರೆ ಕಾಲಿಗೆ ತೊಡರುತ್ತದೆ, ಊರಿಗೆ ಒಯ್ದರೆ ಅಲ್ಲಿ ವೈ-ಫೈ ಇರುತ್ತದೆಂಬ ಭರವಸೆ ಇಲ್ಲ. ಇಎಸ್‌ಪಿ-ನೌ ಇದಕ್ಕೆ ಹೇಳಿ ಮಾಡಿಸಿದ್ದು. ರೌಟರಿನ ಹಂಗಿಲ್ಲದೆ ಬೋರ್ಡುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಮೇಲಿನ ಕೆರೆ ತನ್ನ ಕೋಡಿಯ ಹರಿವನ್ನು ಸೆಕೆಂಡಿಗೆ ಕೆಲವು ಸಲ ಕೆಳಗಿನದಕ್ಕೆ ತಿಳಿಸುತ್ತದೆ, ಅಷ್ಟೇ. ಆದರೆ ಇದನ್ನು ಸೇರಿಸಿದ ಕೂಡಲೇ ಗೂಟದ ಅಳತೆ ಸತ್ತುಹೋಯಿತು. ಅದುವರೆಗೆ 0ಯಿಂದ 4095ರವರೆಗೆ ಚೆನ್ನಾಗಿ ಏರಿಳಿಯುತ್ತಿದ್ದ ಅಂಕಿ ಅಲ್ಲಾಡಲೇ ಇಲ್ಲ. ದಾರ ನೋಡಿದರು, ರಾಟೆ ನೋಡಿದರು, ಪೊಟೆನ್ಷಿಯೋಮೀಟರನ್ನೇ ಬದಲಿಸಿದರು. ವಿಷಯ ಏನೆಂದರೆ, ಈ ಬೋರ್ಡಿನಲ್ಲಿ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಎರಡಿವೆ. ಎರಡನೆಯದನ್ನು ವೈ-ಫೈ ರೇಡಿಯೋ ತನ್ನ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ, ಇಎಸ್‌ಪಿ-ನೌ ಓಡುವುದೂ ಅದೇ ರೇಡಿಯೋದಲ್ಲಿ. ನಮ್ಮ ವೈರು ಇದ್ದದ್ದು ಬೋರ್ಡಿನ ಜಿಪಿಐಒ 26 ಅನ್ನುವ ಕಾಲಿನಲ್ಲಿ, ಅದು ಎರಡನೇ ಎಡಿಸಿಯದು. 34ಕ್ಕೆ ಬದಲಿಸಿದ ತಕ್ಷಣ ಅಂಕಿ ಕುಣಿಯತೊಡಗಿತು. ಈ ಬೋರ್ಡಿನಲ್ಲಿ ರೇಡಿಯೋ ಬಳಸುವವರು ಅಳೆಯುವ ವೈರನ್ನು 32ರಿಂದ 39ರ ನಡುವಿನ ಕಾಲುಗಳಲ್ಲೇ ಇಡಿ.

ಕೋಡಿನೊಳಗಿನ ಕೆರೆ ಸರಳ. ಮಟ್ಟ ಒಂದು ಅಂಕಿ. ಮಳೆ ಅದಕ್ಕೆ ಕೂಡುತ್ತದೆ. ಗೂಟದ ಎತ್ತರವನ್ನು ನೀರಿನ ಮಟ್ಟದ ವರ್ಗಮೂಲದಿಂದ ಗುಣಿಸಿದಷ್ಟು ತೂಬಿನಿಂದ ಹೊರಗೆ. ಮಿತಿ ದಾಟಿದ್ದು ಕೋಡಿಯಿಂದ ಕೆಳಗಿನ ಕೆರೆಗೆ. ಮೇಜಿನ ಮುಂದೆ ಯಾರೂ ಇಲ್ಲದಿದ್ದರೆ ಗೂಟ ಇಳಿದೇ ಇರುತ್ತದೆ, ಕೋಡಿ ತನ್ನಷ್ಟಕ್ಕೆ ಹರಿಯುತ್ತದೆ. ಹಾಗಾಗಿ 'ಪ್ರೇಕ್ಷಕರು ಇಲ್ಲದಾಗ ಏನು' ಅನ್ನುವುದಕ್ಕೆ ಬೇರೆ ಕೋಡು ಬರೆಯಬೇಕಾಗಲಿಲ್ಲ. ಕತೆಯ ತರ್ಕವೇ ಯಂತ್ರದ ತರ್ಕವಾದರೆ ಇಂಥ ಲಾಭಗಳು ಸಿಗುತ್ತವೆ.

ಕೊನೆ ಮೇಜಿನವನು ಸುಮ್ಮನೆ ಕಾಯಬೇಕೇ? ಪರೀಕ್ಷೆಯ ಹೊತ್ತಿಗೆ ಅಲ್ಲಿ ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಬೇಸರವೇ ಅಲ್ಲಿನ ಕತೆ, ನಿಜ, ಆದರೆ ಬೇಸರಗೊಂಡವನು ಎದ್ದು ಹೋದರೆ ಕತೆ ಯಾರಿಗೆ ಹೇಳುವುದು. ಹಾಳೆಯಲ್ಲಿದ್ದ 'ಕೂಗು' ಆಗ ನೆನಪಿಗೆ ಬಂತು. ಅಲ್ಲೊಂದು ತಮಟೆ ಇಟ್ಟೆವು, ಒಳಗೆ ಬಡಿತವನ್ನು ವಿದ್ಯುತ್ ಸಂಕೇತವಾಗಿಸುವ ಪೀಜೋ ಬಿಲ್ಲೆ, ಅದಕ್ಕೆ ಅಡ್ಡಲಾಗಿ 1 ಮೆಗಾ ಓಮ್ ರೆಸಿಸ್ಟರು. ಬಾರಿಸಿದರೆ ಆ ಸದ್ದು ಮೊದಲ ಮೇಜಿನಲ್ಲಿ, ಎತ್ತುವವನ ಮಗ್ಗುಲಲ್ಲಿ ಕೇಳುತ್ತದೆ. ಯಾರು ಬಾರಿಸಿದರು ಅಂತ ಕಾಣುವುದಿಲ್ಲ. ಮಕ್ಕಳು ಎಡೆಬಿಡದೆ ಬಾರಿಸತೊಡಗಿದಾಗ ಒಂದು ಸಲ ಕೇಳಿಸಿದ ಮೇಲೆ ಸ್ವಲ್ಪ ಹೊತ್ತು ಮೇಲೆ ಕೇಳಿಸದ ಹಾಗೆ ಕೋಡಿನಲ್ಲಿ ತಡೆ ಹಾಕಿದೆವು. ಆಮೇಲೆ ನಡೆದದ್ದು ನಾವು ಯೋಚಿಸಿರದ್ದು: ತಮಟೆಗೆ ಜವಾಬು ಬರದಿದ್ದಾಗ ಕೊನೆ ಮೇಜಿನವರು ತಿರುವು ದಾಟಿ ಓಡಿಬಂದು ಮೇಲಿನವರನ್ನು ಬೈಯತೊಡಗಿದರು. ಹಾಳೆಯ ಐದೂ ಕೆಲಸ ಪೂರ್ತಿಯಾದವು.

ಹಲಗೆ ಬರಹ

ಫಲಕಗಳ ಮೊದಲ ಕರಡು ಹೀಗೆ ಶುರುವಾಗುತ್ತಿತ್ತು: 'ಕೆರೆಗಳು ನಮ್ಮ ನಾಡಿನ ಪಾರಂಪರಿಕ ಜಲಸಂಗ್ರಹಣಾ ವ್ಯವಸ್ಥೆಯ ಅವಿಭಾಜ್ಯ ಅಂಗವಾಗಿದ್ದು...' ನಿಂತು ಓದುವವನ ಕಾಲು ನೋಯುತ್ತಿರುತ್ತದೆ ಅನ್ನುವುದನ್ನು ಮರೆತವರ ಕನ್ನಡ ಅದು. ಈಗ ಮೊದಲ ಮೇಜಿನ ಮೇಲಿರುವುದು: 'ಗೂಟ ಎತ್ತಿ. ಕೆಳಗಿನ ಊರಿನವರು ಕಾಯುತ್ತಿದ್ದಾರೆ.' ಇತಿಹಾಸ, ಅಂಕಿ-ಅಂಶ ಬೇಕಾದವರಿಗೆ ದಾರಿಯ ಕೊನೆಯಲ್ಲಿ ಬೆಂಚು, ಅದರ ಎದುರು ಒಂದೇ ದೊಡ್ಡ ಫಲಕ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ ಅನ್ನುವುದು ಅಲ್ಲಿದೆ. ದಿನಾ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸುವ ವಿದ್ಯಾರ್ಥಿಗಳಿಗೇ ಅದು ಹೊಸ ಸುದ್ದಿಯಾಗಿತ್ತು.

ವಿನೈಲ್ ಅಕ್ಷರ ಕತ್ತರಿಸುವ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಕೋರೆಲ್‌ಡ್ರಾ. ಯೂನಿಕೋಡ್ ಕನ್ನಡ ಹಾಕಿದರೆ ಅರ್ಕಾವತ್ತು ಎಲ್ಲೋ, ಒತ್ತಕ್ಷರ ಎಲ್ಲೋ. 'ನುಡಿ' ತಂತ್ರಾಂಶದ ಫಾಂಟಿಗೆ ಬದಲಿಸಿ ಕೊಡಿ ಅಂದರು. ಅದರ ಬದಲು ಇಂಕ್‌ಸ್ಕೇಪಿನಲ್ಲಿ ಅಕ್ಷರಗಳನ್ನೆಲ್ಲ ಗೆರೆಗಳಾಗಿ ಪರಿವರ್ತಿಸಿ ಪಿಡಿಎಫ್ ಕೊಟ್ಟೆವು. ಯಂತ್ರಕ್ಕೆ ಅದು ಬರೀ ಚಿತ್ರ, ಕೆಡುವ ಪ್ರಶ್ನೆಯೇ ಇಲ್ಲ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. ಇನ್ನೊಂದು ಕಷ್ಟ ಬೇಡದ ವಿನೈಲ್ ಕೀಳುವಾಗಿನದು: 'ಠ'ದ ಹೊಟ್ಟೆಯ ಚುಕ್ಕಿ ಅದರೊಂದಿಗೇ ಎದ್ದು ಬರುತ್ತದೆ, 'ಕಂಠೀರವ'ದಲ್ಲಿ ಏನಾಗುತ್ತದೆ ಊಹಿಸಿಕೊಳ್ಳಿ. ಸಣ್ಣ ಅಕ್ಷರಗಳನ್ನು ಕತ್ತರಿಸುವುದು ಬಿಟ್ಟು ಮುದ್ರಿಸಿಯೇ ಅಂಟಿಸಿದೆವು.

ಕಟ್ಟುವ ಕೆಲಸವೆಲ್ಲ ಪಡಸಾಲೆಯಲ್ಲೇ, ಓಡಾಡುವವರ ಕಣ್ಣೆದುರೇ ನಡೆಯಿತು. ಫ್ರಾಂಕ್ ಒಪ್ಪೆನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ತೆರೆದಾಗ ಅದರ ವರ್ಕ್‌ಶಾಪನ್ನೂ ಪ್ರೇಕ್ಷಕರಿಗೆ ಕಾಣುವಂತೆಯೇ ಇಟ್ಟಿದ್ದರು. ನಮ್ಮದು ಅಂಥ ತತ್ವದಿಂದಲ್ಲ, ಬೇರೆ ಕೋಣೆ ಸಿಗಲಿಲ್ಲ. ಆದರೆ ಬಾಗಿಲು ಮುಚ್ಚಿ ಕಟ್ಟಿದ್ದರೆ ಅಡ್ಡಹಿಡಿಯ ಎತ್ತರದಂಥ ನೂರು ಸಣ್ಣ ತಿದ್ದುಪಡಿ ಸಿಗುತ್ತಿರಲಿಲ್ಲ. ಹೋಗುವವರು ಬರುವವರು ಕೈ ಹಾಕದೆ ಬಿಡಲಿಲ್ಲ.

ಮಾಲೂರಿಗೆ

ಮೇಜುಗಳನ್ನು ಬಿಚ್ಚಿ ಗೂಡ್ಸ್ ಆಟೋದಲ್ಲಿ ಮಾಲೂರು ಕಡೆಯ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಒಯ್ದೆವು. ಅಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಬೋರ್ಡುಗಳು ತಾವೇ ಎದ್ದು ಜೂನ್ ತಿಂಗಳಿಂದ ಮತ್ತೆ ಶುರು ಮಾಡಿದವು, ಯಾರೂ ಲ್ಯಾಪ್‌ಟಾಪ್ ತೆರೆಯಬೇಕಾಗಲಿಲ್ಲ. ತಿರುವಿಲ್ಲದ ಹಾಲಿನಲ್ಲಿ ನಡುವೆ ಕಪ್ಪು ಪರದೆ ಇಳಿಬಿಟ್ಟು ಮರೆ ಮಾಡಿದೆವು, ಪಡಸಾಲೆಯಷ್ಟು ಚೆನ್ನಾಗಿ ಅಲ್ಲ. ಕೆಳಗಿನ ಸಂದಿಯಲ್ಲಿ ಕಾಲುಗಳು ಕಾಣುತ್ತಿದ್ದವು.

ಮಕ್ಕಳಿಗೆ ಗೂಟದ ಬಗ್ಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ಅವರು ಕೇಳಿದ್ದು ಬೇರೆ. "ಮಿಸ್, ನಮ್ಮೂರ್ ಕೆರೆಗೆ ಬೆಂಗಳೂರ್ ನೀರು ಬರುತ್ತೆ, ಇದರಲ್ಲಿ ಅದೆಲ್ಲಿ?" ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ, ಊರಲ್ಲಿ ಅದಕ್ಕೆ ಕೆ.ಸಿ. ವ್ಯಾಲಿ ನೀರು ಅಂತಲೇ ಹೆಸರು. ಮೊದಲು ಬಂದು ಸೇರಿದ್ದು ಲಕ್ಷ್ಮೀಸಾಗರ ಕೆರೆಗೆ. ನಮ್ಮ ಮೇಜಿನಲ್ಲಿ ಕೆರೆ ತುಂಬುವುದು ಮಳೆಯಿಂದ ಮಾತ್ರ. ಅವರ ಕೆರೆ ಈಗ ತುಂಬುವುದು ಬೆಂಗಳೂರಿನ ಬಚ್ಚಲುಗಳಿಂದಲೂ.

ಇದನ್ನು ಸೇರಿಸುವುದು ತಾಂತ್ರಿಕವಾಗಿ ಅರ್ಧ ದಿನದ ಕೆಲಸ, ಕೋಡಿನಲ್ಲಿ ಮಳೆಯ ಜೊತೆ ಇನ್ನೊಂದು ಒಳಹರಿವು. ಕಷ್ಟ ಇರುವುದು ಕೈಯಲ್ಲಿ. ಆ ನೀರಿಗೆ ಗೂಟ ಎಲ್ಲಿದೆ, ಅದನ್ನು ಯಾರು ಎತ್ತುತ್ತಾರೆ? ಪಂಪು ಓಡಿಸುವವನು ಯಾವ ಮೇಜಿನ ಮುಂದೂ ನಿಂತಿಲ್ಲ. ಮೇಲಿನ ಕೆರೆಯ ನೆತ್ತಿಯ ಮೇಲೆ ದಪ್ಪ ಪಿವಿಸಿ ಪೈಪು ತಂದು, ಋತು ಯಾವುದಿದ್ದರೂ ಸುರಿಯುತ್ತಿರುವಂತೆ ಮಾಡಿ, ಪ್ರೇಕ್ಷಕನಿಗೆ ಅದರ ಮೇಲೆ ಯಾವ ಹತೋಟಿಯೂ ಕೊಡದಿರುವುದು ಒಂದು ದಾರಿ. ಪಡಸಾಲೆಯ ಹೊರಗೆ, ಶೌಚಾಲಯದ ಬಾಗಿಲ ಬಳಿ ನಾಲ್ಕನೇ ಮೇಜು ಇಟ್ಟು, ಅಲ್ಲಿ ಕೈ ತೊಳೆದವರು ತಮಗೇ ಗೊತ್ತಿಲ್ಲದೆ ಕೆರೆ ತುಂಬಿಸುವಂತೆ ಮಾಡುವುದು ಇನ್ನೊಂದು. ಇದು ಬಂಗಾರಪೇಟೆ ಹುಡುಗಿಯದು. ನಲ್ಲಿಯ ಪೈಪಿಗೆ ಹಾಕಲು ಅರ್ಧ ಇಂಚಿನ ವೈಎಫ್-ಎಸ್201 ಹರಿವಿನ ಸೆನ್ಸರು ತರಿಸಿದ್ದಾಗಿದೆ. ಪೊಟೆನ್ಷಿಯೋಮೀಟರುಗಳು ಮಕ್ಕಳ ಕೈಯಲ್ಲಿ ಸವೆದಿವೆ, ಅವುಗಳ ಜಾಗಕ್ಕೆ ಅಯಸ್ಕಾಂತದಿಂದ ಕೋನ ಅಳೆಯುವ ಎಎಸ್5600 ಬರಬೇಕು. ಎರಡನ್ನೂ ಮುಂದಿನ ಬ್ಯಾಚು ಕೂರಿಸುತ್ತದೆ.